ಹೋಬಳಿ ಒತ್ತಿದರೆ ಪರದೆ ಬಿಳಿ: ಸಾಲುಗಳ ಮರ ಯಾಕೆ ಬೇಗ ತೆರೆಯಲ್ಲ?

(ನಮ್ಮ ತಂತ್ರಜ್ಞಾನ ಪಾಡ್‌ಕಾಸ್ಟ್‌ನ ಈ ವಾರದ ಕಂತಿನ ಪಠ್ಯರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತುಸು ತಿದ್ದಲಾಗಿದೆ.)

ಇವತ್ತಿನ ವಿಷಯ ಕೇಳಿದ ಕೂಡಲೇ ಅರ್ಧ ಜನ ಕಂತು ಬದಲಾಯಿಸಬಹುದು, ಹಾಗೆ ಮಾಡಬೇಡಿ. ಡೇಟಾಬೇಸ್‌ನಲ್ಲಿ ಇರೋ ಸಾಲುಗಳನ್ನ ಪರದೆ ಮೇಲೆ ಮರದ ಥರ, ಕೊಂಬೆಯೊಳಗೆ ಕೊಂಬೆಯಾಗಿ ತೋರಿಸೋ ಪ್ರೋಗ್ರಾಂಗಳು ಯಾಕೆ ಹ್ಯಾಂಗ್ ಆಗ್ತವೆ, ಅದಕ್ಕೇನು ಮಾಡಬೇಕು ಅನ್ನೋದು ಇವತ್ತಿನ ಮಾತು. ಪ್ರೋಗ್ರಾಂ ಬರೆಯೋರಿಗೆ ಇದು ನೇರವಾಗಿ ಉಪಯೋಗ. ಬರೆಯದವರಿಗೂ ಸಂಬಂಧ ಇದೆ, ಯಾಕಂದ್ರೆ ಕೌಂಟರ್‌ನ ಈಚೆ ಕಡೆ ನಿಂತು ಕಾಯೋರು ನಾವೇ.

ಮರ ಅಂದ್ರೆ ಏನು ಅಂತ ಒಂದು ಮಾತು. ನಿಮ್ಮ ಕಂಪ್ಯೂಟರ್‌ನಲ್ಲಿ ಫೋಲ್ಡರ್‌ಗಳನ್ನ ತೆರೆದಾಗ ಎಡಗಡೆ ಒಂದು ಪಟ್ಟಿ ಬರುತ್ತಲ್ಲ, ಪಕ್ಕದಲ್ಲಿ ಸಣ್ಣ ಪ್ಲಸ್ ಗುರುತೋ ಬಾಣದ ಗುರುತೋ ಇರುತ್ತೆ, ಒತ್ತಿದರೆ ಒಳಗಿನದು ಬಿಚ್ಚಿಕೊಳ್ಳುತ್ತೆ, ಅದೇ ಟ್ರೀ ವಿಜೆಟ್. ನಮ್ಮ ಕಂದಾಯ ದಾಖಲೆಗಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ ಅನ್ನಿಸೋದು ಸಹಜ. ಜಿಲ್ಲೆ ಚಿತ್ರದುರ್ಗ. ಅದರೊಳಗೆ ತಾಲ್ಲೂಕು. ತಾಲ್ಲೂಕಿನೊಳಗೆ ಹೋಬಳಿ, ತುರುವನೂರು ಅಂತಿಟ್ಟುಕೊಳ್ಳಿ. ಹೋಬಳಿಯೊಳಗೆ ಗ್ರಾಮ, ಗ್ರಾಮದೊಳಗೆ ಸರ್ವೆ ನಂಬರ್, ಸರ್ವೆ ನಂಬರ್‌ನೊಳಗೆ ಹಿಸ್ಸಾ, ಹಿಸ್ಸಾಕ್ಕೆ ಖಾತೆದಾರರು. ಕಾಗದದ ಮೇಲೇ ಅದು ಮರ. ಹಾಗಾಗಿ ಹೊಸದಾಗಿ ಸಾಫ್ಟ್‌ವೇರ್ ಬರೆಯೋ ಯಾರೇ ಆದ್ರೂ ಮೊದಲು ಕೈ ಹಾಕೋದು ಟ್ರೀ ವಿಜೆಟ್‌ಗೇ.

ತುರುವನೂರಿಗೂ ಮರಕ್ಕೂ ಇನ್ನೊಂದು ನಂಟಿದೆ, ದಾರಿಯಲ್ಲೇ ಹೇಳಿಬಿಡ್ತೀನಿ. 1939ರಲ್ಲಿ ಅಲ್ಲಿ ಈಚಲು ಮರ ಕಡಿದು ಸತ್ಯಾಗ್ರಹ ನಡೀತು, ಎಸ್. ನಿಜಲಿಂಗಪ್ಪನವರ ಹೆಸರು ಅದರ ಜೊತೆ ಸೇರಿಕೊಂಡಿದೆ. ಆ ಊರಿನವರಿಗೆ ಮರ ಕಡಿಯೋದು ಹೊಸದಲ್ಲ. ನಾವು ಇವತ್ತು ಕಡಿಯೋದು ಬೇರೆ ಥರದ ಮರ.

ಈ ಕಂತಿಗೆ ಕಾರಣ ಆಗಿದ್ದು ಆ ಕಡೆಯ ಒಬ್ಬ ಹುಡುಗ. ಚಿತ್ರದುರ್ಗದಲ್ಲಿ ಕೂತು ಸಣ್ಣಪುಟ್ಟ ಸಂಸ್ಥೆಗಳಿಗೆ ಪ್ರೋಗ್ರಾಂ ಬರೆದುಕೊಡ್ತಾನೆ. ಒಂದು ಸಂಘಕ್ಕೆ, ಹೆಸರು ಬೇಡ, ರೈತರ ಜಮೀನು ಮತ್ತು ಸಾಲದ ವಿವರ ನೋಡೋ ತಂತ್ರಾಂಶ ಮಾಡಿಕೊಟ್ಟಿದ್ದ. ಎಡಗಡೆ ಮರ, ಬಲಗಡೆ ವಿವರ. ಮನೆಯಲ್ಲಿ ಮೂರು ಹಳ್ಳಿಯ ಮಾದರಿ ದಾಖಲೆ ಹಾಕಿ ನೋಡಿದಾಗ ಸರಾಗವಾಗಿತ್ತು. ಪೂರ್ತಿ ದಾಖಲೆ ತುಂಬಿದ ಮೇಲೆ ಹೋಬಳಿ ಹೆಸರನ್ನ ಒತ್ತಿದರೆ ಕಿಟಕಿ ಬೆಳ್ಳಗಾಗಿ ಮೇಲುಗಡೆ ‘ನಾಟ್ ರೆಸ್ಪಾಂಡಿಂಗ್’ ಅಂತ ಬರೋಕೆ ಶುರುವಾಯ್ತು. ಬೆಳಗ್ಗೆ ಬಂದ ಗುಮಾಸ್ತರು ಪ್ರೋಗ್ರಾಂ ಒತ್ತಿ ಟೀ ಕುಡಿಯೋಕೆ ಹೋಗೋದು ರೂಢಿಯಾಗಿಬಿಟ್ಟಿತ್ತಂತೆ. ಬೇರೆ ದಿನ ಆದ್ರೆ ನಡೆಯುತ್ತೆ. ಜುಲೈ ಕೊನೆಯ ವಾರ, ಬೆಳೆ ವಿಮೆ ಕಟ್ಟೋ ಗಡುವು ಹತ್ತಿರ ಬಂದಾಗ? ಈರುಳ್ಳಿ ಹೊಲದ ಕೆಲಸ ಬಿಟ್ಟು ಬಂದೋರು ಸಾಲಲ್ಲಿ ನಿಂತಿರ್ತಾರೆ. “ಏನಪ್ಪಾ, ಇನ್ನೂ ತಿರುಗ್ತಾನೇ ಐತಲ್ಲ” ಅಂತ ಕೇಳಿದ ಯಜಮಾನರಿಗೆ ಗುಮಾಸ್ತರು “ಸರ್ವರ್ ಸ್ಲೋ ಯಜಮಾನ್ರೇ” ಅಂತಾರೆ. ಈ ದೇಶದಲ್ಲಿ ಎಲ್ಲಾ ಕೌಂಟರ್‌ನಲ್ಲೂ ಸಿಗೋ ಉತ್ತರ ಅದು. ಬಹಳ ಸಲ ಅದು ಸುಳ್ಳು, ಹೇಳೋರಿಗೂ ಅದು ಗೊತ್ತಿರಲ್ಲ.

ಆ ಸಂಘದವರು ಹೊಸ ಕಂಪ್ಯೂಟರ್ ತರೋಕೆ ಹೊರಟಿದ್ರು. ಅದನ್ನ ತಡೆಯೋಕೆ ಹುಡುಗ ನನಗೆ ಫೋನ್ ಮಾಡಿದ್ದು.

ಮೊದಲು ದಾಖಲೆಯ ಗಾತ್ರದ ಅಂದಾಜು ಬೇಕು. ಅವನ ಸಂಘದ ಲೆಕ್ಕ ಬೇಡ, ಎಲ್ಲರಿಗೂ ಗೊತ್ತಿರೋ ಅಂಕಿ ತಗೊಳ್ಳೋಣ. ಕರ್ನಾಟಕದಲ್ಲಿ ಭೂಮಿ ಯೋಜನೆ ಶುರುವಾಗಿ 2002ರ ಹೊತ್ತಿಗೆ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂತಲ್ಲ, ಆಗ ಹೇಳ್ತಿದ್ದ ಲೆಕ್ಕ ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು. ಆವಾಗ ರಾಜ್ಯದಲ್ಲಿ ಇದ್ದದ್ದು 175ರ ಆಸುಪಾಸು ತಾಲ್ಲೂಕು. ಭಾಗಿಸಿದರೆ ತಾಲ್ಲೂಕಿಗೆ ಸರಾಸರಿ ಒಂದು ಲಕ್ಷದ ಮೇಲೆ. ಚಿತ್ರದುರ್ಗ ತಾಲ್ಲೂಕಿನಲ್ಲಿ ನಾಲ್ಕು ಹೋಬಳಿ: ಕಸಬಾ, ತುರುವನೂರು, ಭರಮಸಾಗರ, ಹಿರೇಗುಂಟನೂರು. ಸಮಪಾಲು ಅಂತ ಬರೀ ಲೆಕ್ಕಕ್ಕೆ ಇಟ್ಟುಕೊಂಡರೆ ಹೋಬಳಿಗೆ 28,000 ಸಾಲು. ನಿಜವಾದ ಸಂಖ್ಯೆ ಹೆಚ್ಚೂ ಇರಬಹುದು, ಕಮ್ಮಿಯೂ ಇರಬಹುದು. ನಮಗೆ ಬೇಕಾಗಿರೋದು ಅಳತೆಯ ಅಂದಾಜು ಅಷ್ಟೇ.

ಈಗ ಹೇಳಿ, 28,000 ಸಾಲು ಡೇಟಾಬೇಸ್‌ಗೆ ದೊಡ್ಡದಾ? ಏನೇನೂ ಅಲ್ಲ. ಸಾಧಾರಣ ಲ್ಯಾಪ್‌ಟಾಪ್‌ನಲ್ಲಿರೋ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್‌ಗೆ ಅದು ತುತ್ತೂ ಅಲ್ಲ, ಅಗುಳು. ಹಾಗಾದ್ರೆ ಕಿಟಕಿ ಬೆಳ್ಳಗಾಗೋದು ಯಾಕೆ?

ಇಲ್ಲಿ ನಾನು ಹುಡುಗನಿಗೆ ಹೇಳಿದ್ದು, ಮೊದಲು ಅಳೆ, ಆಮೇಲೆ ಕೈ ಹಾಕು ಅಂತ. ಒತ್ತಿದ ಕ್ಷಣದಿಂದ ಮರ ಕಾಣಿಸೋ ತನಕ ಮೂರು ಬೇರೆ ಬೇರೆ ಕೆಲಸ ನಡೆಯುತ್ತೆ. ಡೇಟಾಬೇಸ್‌ನಿಂದ ಸಾಲು ತರೋದು. ತಂದ ಸಾಲುಗಳಿಂದ ಮರದ ಗೆಣ್ಣುಗಳನ್ನ ಕಟ್ಟೋದು, ಅದನ್ನ ನೋಡ್ ಅಂತೀವಿ. ಕಟ್ಟಿದ್ದನ್ನ ಪರದೆ ಮೇಲೆ ಬಿಡಿಸೋದು. ಮೂರಕ್ಕೂ ಬೇರೆ ಬೇರೆ ಗಡಿಯಾರ ಇಡಬೇಕು. ಅದೇ ಕ್ವೆರಿಯನ್ನ ಪ್ರೋಗ್ರಾಂ ಬಿಟ್ಟು ನೇರವಾಗಿ ಡೇಟಾಬೇಸ್‌ನಲ್ಲಿ ಓಡಿಸಿ ನೋಡಿದರೆ ಮೊದಲನೆಯದು ಗೊತ್ತಾಗುತ್ತೆ. ಸಾಲು ತಂದು, ಮರಕ್ಕೆ ಸೇರಿಸದೆ ಬಿಸಾಕಿದರೆ ಎರಡನೆಯದು, ಮೂರನೆಯದು ಎಷ್ಟು ತಿಂತಿದ್ವು ಅಂತ ಗೊತ್ತಾಗುತ್ತೆ. ಇದು ಅರ್ಧ ಗಂಟೆ ಕೆಲಸ. ಇದನ್ನ ಮಾಡದೆ ಜನ ವಾರಗಟ್ಟಲೆ ಊಹೆ ಮಾಡ್ತಾ ಕೂರ್ತಾರೆ.

ಅವನ ವಿಷಯದಲ್ಲಿ ಮೂರೂ ಕಡೆ ಸೋರ್ತಾ ಇತ್ತು. ಒಂದೊಂದಾಗಿ ನೋಡೋಣ.

ತರೋ ಕೆಲಸ. ಅವನು ಬರೆದಿದ್ದು ಹೀಗೆ: ಗ್ರಾಮಗಳ ಪಟ್ಟಿ ತಾ. ಪ್ರತಿ ಗ್ರಾಮಕ್ಕೂ ಸರ್ವೆ ನಂಬರ್ ತಾ. ಪ್ರತಿ ಸರ್ವೆ ನಂಬರ್‌ಗೂ ಹಿಸ್ಸಾ ತಾ. ಪ್ರತಿ ಹಿಸ್ಸಾಕ್ಕೂ ಖಾತೆದಾರ ಯಾರು ಅಂತ ಕೇಳು. ಓದೋಕೆ ಚೆಂದ. ಆದ್ರೆ ಪ್ರತಿ ‘ತಾ’ ಕೂಡ ಒಂದು ಕ್ವೆರಿ, ಅಂದ್ರೆ ನೆಟ್‌ವರ್ಕ್ ದಾಟಿ ಸರ್ವರ್‌ಗೆ ಹೋಗಿ ಬರೋ ಒಂದು ಪ್ರಯಾಣ. ಹೋಗಿಬರೋಕೆ 5 ಮಿಲಿಸೆಕೆಂಡ್ ಅಂತಿಟ್ಟುಕೊಳ್ಳಿ, ಕಣ್ಣು ಮಿಟುಕಿಸೋದಕ್ಕಿಂತ ಎಷ್ಟೋ ಕಮ್ಮಿ. 28,000 ಸಲ ಅಂದ್ರೆ 140 ಸೆಕೆಂಡ್. ಎರಡು ನಿಮಿಷ ಇಪ್ಪತ್ತು ಸೆಕೆಂಡ್. ಟೀ ಕುಡಿದು ಬರೋ ಹೊತ್ತು. ಸರ್ವರ್ ಎಷ್ಟೇ ಚುರುಕಾಗಿದ್ರೂ ಈ ಓಡಾಟ ತಪ್ಪಲ್ಲ. ರೆಕಾರ್ಡ್ ರೂಮಿಗೆ ಒಬ್ಬ ಜವಾನನನ್ನ ಒಂದೊಂದು ಹಾಳೆಗೂ ಒಂದೊಂದು ಸಲ ಕಳಿಸಿದ ಹಾಗೆ. ಅವನು ಓಡಿದ್ರೂ ಸಂಜೆಯಾಗುತ್ತೆ.

ಪ್ರೋಗ್ರಾಮರ್‌ಗಳು ಇದಕ್ಕೆ ‘ಎನ್ ಪ್ಲಸ್ ಒನ್’ ಸಮಸ್ಯೆ ಅಂತಾರೆ. ಪರಿಹಾರ ಹಳೇದು, ಒಂದೇ ಕ್ವೆರಿಯಲ್ಲಿ ಎಲ್ಲಾ ಕೋಷ್ಟಕ ಜೋಡಿಸಿ ತರೋದು. ಎಷ್ಟು ಹಂತ ಆಳ ಇದೆ ಅಂತ ಮೊದಲೇ ಗೊತ್ತಿಲ್ಲದ ಮರ ಆದ್ರೆ ರಿಕರ್ಸಿವ್ ಕ್ವೆರಿ ಇದೆ. 1999ರ ಎಸ್‌ಕ್ಯೂಎಲ್ ಮಾನಕದಲ್ಲೇ ಬಂದಿದ್ದು, ಎಸ್‌ಕ್ಯೂಲೈಟ್‌ಗೆ 2014ರಲ್ಲಿ ಬಂತು, ಮೈಎಸ್‌ಕ್ಯೂಎಲ್‌ಗೆ 8.0 ಆವೃತ್ತಿ ಬರೋ ತನಕ ಕಾಯಬೇಕಾಯ್ತು. ಒಂದು ಕಿವಿಮಾತು. ನಿಮ್ಮ ಡೇಟಾಬೇಸ್ ಎಸ್‌ಕ್ಯೂಲೈಟ್ ಆಗಿದ್ದು, ಫೈಲ್ ಅದೇ ಕಂಪ್ಯೂಟರ್‌ನಲ್ಲೇ ಇದ್ರೆ ಈ ಓಡಾಟದ ಖರ್ಚು ಇಲ್ಲವೇ ಇಲ್ಲ ಅನ್ನಬಹುದು, ಯಾಕಂದ್ರೆ ಅಲ್ಲಿ ಬೇರೆ ಸರ್ವರೇ ಇಲ್ಲ. ಅಲ್ಲಿ ಸಣ್ಣ ಸಣ್ಣ ಕ್ವೆರಿ ನೂರು ಮಾಡಿದ್ರೂ ತಪ್ಪಿಲ್ಲ. ಹಾಗಾಗಿ ‘ಒಂದೇ ಕ್ವೆರಿ’ ಅನ್ನೋದನ್ನ ಮಂತ್ರ ಮಾಡ್ಕೋಬೇಡಿ.

ಇದಕ್ಕಿಂತ ಅಪಾಯದ್ದು ಇನ್ನೊಂದಿತ್ತು. ಮಕ್ಕಳನ್ನ ಹುಡುಕೋ ಕಾಲಂಗೆ ಇಂಡೆಕ್ಸ್ ಇರಲಿಲ್ಲ. ಅಂದ್ರೆ ‘ಈ ಸರ್ವೆ ನಂಬರ್‌ನ ಹಿಸ್ಸಾ ಯಾವ್ಯಾವು’ ಅಂತ ಕೇಳಿದ ಪ್ರತಿ ಸಲ ಡೇಟಾಬೇಸ್ ಕೋಷ್ಟಕವನ್ನ ಮೊದಲಿಂದ ಕೊನೇ ತನಕ ಓದ್ತಿತ್ತು. 28,000 ಸಲ 28,000 ಸಾಲು ಓದಿದರೆ 78 ಕೋಟಿ ಚಿಲ್ಲರೆ. ಮಾದರಿ ದಾಖಲೆಯಲ್ಲಿ 300 ಸಾಲು ಇದ್ದಾಗ ಅದೇ ಲೆಕ್ಕ 90,000 ಮಾತ್ರ. ಮನೆಯಲ್ಲಿ ಸರಾಗ, ಸಂಘದಲ್ಲಿ ಹ್ಯಾಂಗ್ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಸಾಲು ಸುಮಾರು ತೊಂಬತ್ತು ಪಟ್ಟು ಆದ್ರೆ ಕೆಲಸ ಎಂಟು ಸಾವಿರ ಪಟ್ಟಿನ ಮೇಲೆ ಆಗುತ್ತೆ. ಗ್ರಾಮದ ಸಂಕೇತ, ಸರ್ವೆ ನಂಬರ್ ಎರಡನ್ನೂ ಸೇರಿಸಿ ಒಂದು ಇಂಡೆಕ್ಸ್ ಹಾಕೋದು ಒಂದು ಸಾಲಿನ ಕೆಲಸ.

ಸರಿ, ಇವೆರಡನ್ನೂ ಸರಿ ಮಾಡಿದ. ಸಾಲುಗಳು ಚಕ್ಕಂತ ಬಂದ್ವು. ಕಿಟಕಿ ಮಾತ್ರ ಇನ್ನೂ ಬಿಳಿ.

ಎರಡನೇ ಸೋರಿಕೆ, ಮರ ಕಟ್ಟೋದು. ಬಹಳಷ್ಟು ಟ್ರೀ ವಿಜೆಟ್‌ಗಳು ಒಂದು ಗೆಣ್ಣು ಸೇರಿಸಿದ ಕೂಡಲೇ ‘ಏನೋ ಬದಲಾಯ್ತು’ ಅಂತ ತಮ್ಮನ್ನ ತಾವೇ ಮತ್ತೆ ಲೆಕ್ಕ ಹಾಕ್ಕೊಳ್ತವೆ. ಸ್ಕ್ರಾಲ್ ಪಟ್ಟಿ ಎಷ್ಟು ಉದ್ದ ಇರಬೇಕು, ಕಾಲಂ ಎಷ್ಟು ಅಗಲ, ವಿಂಗಡಣೆ ಆನ್ ಆಗಿದ್ರೆ ಹೊಸದು ಎಲ್ಲಿ ಕೂರಬೇಕು. ಒಂದು ಸಲಕ್ಕೆ ಪರವಾಗಿಲ್ಲ, ಸಾವಿರಾರು ಸಲ ಮಾಡಿದರೆ ಮುಗೀತು. ಅದಕ್ಕೇ ಎಲ್ಲಾ ಟೂಲ್‌ಕಿಟ್‌ಗಳೂ ಒಂದು ದಾರಿ ಇಟ್ಟಿವೆ. ಡಾಟ್‌ನೆಟ್‌ನ ವಿಂಡೋಸ್ ಫಾರ್ಮ್ಸ್‌ನಲ್ಲಿ ಬಿಗಿನ್‌ಅಪ್‌ಡೇಟ್, ಎಂಡ್‌ಅಪ್‌ಡೇಟ್ ಅಂತ ಇದೆ, ಮೊದಲನೆಯದು ‘ನಾನು ಹೇಳೋ ತನಕ ಬಿಡಿಸಬೇಡ’ ಅಂತ, ಎರಡನೆಯದು ‘ಈಗ ಬಿಡಿಸು’ ಅಂತ. ಜಿಟಿಕೆಯಲ್ಲಿ ದತ್ತಾಂಶದ ಮಾಡೆಲ್ ಅನ್ನ ವಿಜೆಟ್‌ನಿಂದ ಬಿಚ್ಚಿ ಪಕ್ಕಕ್ಕಿಟ್ಟು, ತುಂಬಿ, ಮತ್ತೆ ಜೋಡಿಸಬೇಕು, ತುಂಬೋವಾಗ ವಿಂಗಡಣೆ ಆಫ್ ಇರಬೇಕು.

ವಿಂಗಡಣೆ ಅಂದಾಗ ನಮ್ಮ ಕಂದಾಯದ್ದೇ ಒಂದು ಚೇಷ್ಟೆ ಇದೆ. ಹಿಸ್ಸಾ ನಂಬರ್ ಬರೀ ಸಂಖ್ಯೆ ಅಲ್ಲ. 45/1, 45/2, ಅಣ್ಣತಮ್ಮಂದಿರು ಪಾಲಾದ ಮೇಲೆ 45/2ಎ, ಪೋಡಿ ಆದ್ರೆ ಇನ್ನೂ ಒಂದು ಬಾಲ. ಇದನ್ನ ಬರೀ ಅಕ್ಷರ ಅಂತ ವಿಂಗಡಿಸಿದರೆ 45/10 ಬಂದು 45/2ಕ್ಕಿಂತ ಮುಂದೆ ಕೂರುತ್ತೆ. ಗುಮಾಸ್ತರು ಹುಡುಕಿ ಹುಡುಕಿ ‘ಇಲ್ಲ’ ಅಂದುಬಿಡ್ತಾರೆ, ಅದು ಎಂಟು ಸಾಲು ಮೇಲೆ ಇರುತ್ತೆ. ಅದನ್ನ ಸರಿಪಡಿಸೋಕೆ ಹುಡುಗ ವಿಜೆಟ್‌ನೊಳಗೆ ತನ್ನದೇ ಹೋಲಿಕೆ ಫಂಕ್ಷನ್ ಬರೆದಿದ್ದ. ಅದು ಪ್ರತಿ ಹೋಲಿಕೆಗೂ ಎರಡೂ ಹಿಸ್ಸಾಗಳನ್ನ ತುಂಡರಿಸಿ ಸಂಖ್ಯೆ ಬೇರೆ, ಅಕ್ಷರ ಬೇರೆ ಮಾಡ್ತಿತ್ತು. ಉದ್ದೇಶ ಒಳ್ಳೇದು, ಜಾಗ ಸರಿಯಿಲ್ಲ. ಆ ಸಂಖ್ಯೆಯನ್ನ, ಅಕ್ಷರವನ್ನ ದಾಖಲೆ ಸೇರಿಸೋವಾಗಲೇ ಬೇರೆ ಬೇರೆ ಕಾಲಂನಲ್ಲಿ ಇಟ್ಟುಬಿಟ್ಟರೆ ಡೇಟಾಬೇಸೇ ವಿಂಗಡಿಸಿ ಕೊಡುತ್ತೆ, ವಿಜೆಟ್ ಬಂದ ಕ್ರಮದಲ್ಲೇ ಜೋಡಿಸಿದರೆ ಸಾಕು.

ಮೂರನೇದು, ಬಿಡಿಸೋದು. ಇಲ್ಲಿ ಕನ್ನಡದವರು ಗಮನಿಸಬೇಕಾದ್ದು ಒಂದಿದೆ. ಚಿತ್ರದುರ್ಗ ಜಿಲ್ಲೆಯಲ್ಲಿ ಯಾವ ಪಟ್ಟಿ ತೆಗೆದರೂ ಸಿಗೋ ಹೆಸರು ತಿಪ್ಪೇಸ್ವಾಮಿ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಅದು 12 ಸಂಕೇತ: ತ, ಗುಡಿಸು, ಪ, ವಿರಾಮ, ಮತ್ತೆ ಪ, ಹೀಗೆ. ಆ ಹನ್ನೆರಡನ್ನ ಸೇರಿಸಿ, ಒತ್ತಕ್ಷರ ಕೆಳಗೆ ಕೂರಿಸಿ, ಗುಣಿತ ಅಂಟಿಸಿ ನಾಲ್ಕು ಅಕ್ಷರ ಮಾಡೋ ಕೆಲಸಕ್ಕೆ ಶೇಪಿಂಗ್ ಅಂತಾರೆ. ಲಿನಕ್ಸ್‌ನಲ್ಲಿ, ಆಂಡ್ರಾಯ್ಡ್‌ನಲ್ಲಿ, ಕ್ರೋಮ್‌ನಲ್ಲಿ ಇದನ್ನ ಮಾಡೋದು ಹಾರ್ಫ್‌ಬಜ್ ಅನ್ನೋ ಲೈಬ್ರರಿ. ಬಹಳ ಚುರುಕಾಗೇ ಮಾಡುತ್ತೆ, ಆದ್ರೆ ಇಂಗ್ಲಿಷ್ ಅಕ್ಷರ ಜೋಡಿಸಿದಷ್ಟು ಅಗ್ಗ ಅಲ್ಲ. ಈಗ ವಿಜೆಟ್‌ಗೆ ‘ಕಾಲಂ ಅಗಲ ಒಳಗಿನ ಹೆಸರಿಗೆ ತಕ್ಕ ಹಾಗೆ ತಾನೇ ಹೊಂದಿಕೊಳ್ಳಲಿ’ ಅಂತ ಹೇಳಿದ್ರೆ ಅದು ಏನು ಮಾಡಬೇಕು? ಅತಿ ಉದ್ದದ ಹೆಸರು ಯಾವುದು ಅಂತ ತಿಳಿಯೋಕೆ ಸಾವಿರಾರು ಹೆಸರಿಗೂ ಶೇಪಿಂಗ್ ಮಾಡಬೇಕು, ಒಂದನ್ನೂ ಪರದೆ ಮೇಲೆ ತೋರಿಸೋ ಮುಂಚೆ. ಸಾಲಿನ ಎತ್ತರಕ್ಕೂ ಇದೇ ಕಥೆ. ಕೆಳಗೆ ಒತ್ತು ಇರೋ ಸಾಲು ಎತ್ತರ ಜಾಸ್ತಿಯಾ ಅಂತ ಪ್ರತಿಯೊಂದನ್ನೂ ಅಳೆಯೋಕೆ ಹೊರಡುತ್ತೆ.

ಅಗಲ ನಾವೇ ನಿಗದಿ ಮಾಡಿಬಿಡಬೇಕು. ಎತ್ತರವೂ ಅಷ್ಟೇ. ಕ್ಯೂಟಿಯಲ್ಲಿ ‘ಯೂನಿಫಾರ್ಮ್ ರೋ ಹೈಟ್ಸ್’ ಅಂತ ಒಂದು ಗುಂಡಿ ಇದೆ, ಎಲ್ಲಾ ಸಾಲೂ ಒಂದೇ ಎತ್ತರ ಅಂತ ಮಾತು ಕೊಟ್ಟ ಹಾಗೆ. ಜಿಟಿಕೆಯ ಹಳೆಯ ಟ್ರೀವ್ಯೂನಲ್ಲಿ ‘ಫಿಕ್ಸೆಡ್ ಹೈಟ್ ಮೋಡ್’. ಆ ಮಾತು ಕೊಟ್ಟರೆ ವಿಜೆಟ್ ಒಂದನ್ನ ಅಳೆದು ಉಳಿದಿದ್ದಕ್ಕೆ ಗುಣಾಕಾರ ಮಾಡ್ಕೊಳ್ಳುತ್ತೆ. ಎತ್ತರ ಇಡೋವಾಗ ಮಾತ್ರ ‘ಸ್ತ್ರೀ’, ‘ಕೃಷ್ಣಪ್ಪ’ ಅಂಥ ಪದ ಹಾಕಿ ನೋಡಿ ಇಡಿ, ಇಲ್ಲದಿದ್ರೆ ಒತ್ತಿನ ಕೆಳಭಾಗ ಕತ್ತರಿಸಿ ಹೋಗುತ್ತೆ. ಇಂಗ್ಲಿಷ್‌ನಲ್ಲಿ ಪರೀಕ್ಷೆ ಮಾಡಿ ಕನ್ನಡಕ್ಕೆ ಬಿಟ್ಟ ಎಷ್ಟೋ ತಂತ್ರಾಂಶಗಳಲ್ಲಿ ಇದನ್ನ ನೋಡ್ತೀವಿ.

ಇಷ್ಟೆಲ್ಲಾ ಮಾಡಿದ ಮೇಲೆ ಪ್ರೋಗ್ರಾಂ ನಡೆಯೋಕೆ ಶುರುವಾಯ್ತು. ಇಲ್ಲಿಗೆ ಬಿಟ್ಟುಬಿಡಬಹುದಿತ್ತು. ಆದ್ರೆ ನನಗೆ ಅನ್ನಿಸಿದ್ದು ಬೇರೆ. ಆ ಕಂಪ್ಯೂಟರ್ ಪರದೆಯಲ್ಲಿ ಒಂದು ಸಲಕ್ಕೆ ಎಷ್ಟು ಸಾಲು ಕಾಣುತ್ತೆ? 1080 ಚುಕ್ಕಿ ಎತ್ತರದ ಪರದೆ, ಒಂದು ಸಾಲಿಗೆ 22 ಚುಕ್ಕಿ ಅಂದ್ರೆ ಐವತ್ತರ ಒಳಗೆ. ಐವತ್ತು ಸಾಲು ನೋಡೋಕೆ 28,000 ಯಾಕೆ ತರಬೇಕು? ಬೇಗ ತರೋದು ಹೇಗೆ ಅಂತ ಇಷ್ಟು ಹೊತ್ತು ತಲೆ ಕೆಡಿಸಿಕೊಂಡಿದ್ದೇ ಆಯ್ತು. ಯಾರೂ ಕೇಳದೇ ಇರೋದನ್ನ ತರೋದೇ ಬೇಡ ಅಲ್ಲವಾ?

ಇದಕ್ಕೆ ನಮ್ಮ ಎದುರೇ ಉದಾಹರಣೆ ಇದೆ. ಭೂಮಿ ವೆಬ್‌ಸೈಟ್‌ನಲ್ಲಿ ಪಹಣಿ ನೋಡಿದ್ದೀರಲ್ಲ. ಮೊದಲು ಜಿಲ್ಲೆ ಆರಿಸಬೇಕು, ಆಮೇಲೆ ತಾಲ್ಲೂಕು, ಹೋಬಳಿ, ಗ್ರಾಮ. ಆಮೇಲೆ ಸರ್ವೆ ನಂಬರ್ ನಾವೇ ಬರೀಬೇಕು, ‘ಗೋ’ ಒತ್ತಬೇಕು, ಆಗ ಸರ್ನಾಕ್, ಹಿಸ್ಸಾ ಬರ್ತವೆ. ಒಂದು ಆರಿಸಿದ ಮೇಲೇ ಮುಂದಿನದು ತುಂಬಿಕೊಳ್ಳೋದು. ನೋಡೋಕೆ ಹಳೇ ಕಾಲದ್ದು ಅನ್ನಿಸುತ್ತೆ, ಸರ್ನಾಕ್ ಜಾಗದಲ್ಲಿ ಬರೋ ನಕ್ಷತ್ರದ ಗುರುತು ಏನು ಅಂತ ಅರ್ಧ ಜನಕ್ಕೆ ಗೊತ್ತಾಗಲ್ಲ. ಆದ್ರೆ ಒಳಗಿನ ಲೆಕ್ಕ ಸರಿಯಾಗಿದೆ. ಎರಡು ಕೋಟಿ ದಾಖಲೆಯ ಮರವನ್ನ ಒಮ್ಮೆಗೂ ಬಿಚ್ಚದೆ, ಕೇಳಿದ ಒಂದು ಕೊಂಬೆಯನ್ನ ಮಾತ್ರ ಬಿಚ್ಚೋ ಕ್ರಮ ಅದು.

ಟ್ರೀ ವಿಜೆಟ್‌ನಲ್ಲೂ ಇದನ್ನ ಮಾಡಬಹುದು. ಶುರುವಿನಲ್ಲಿ ಗ್ರಾಮಗಳ ಹೆಸರು ಮಾತ್ರ ತಂದು ಇಡೋದು, ಪಕ್ಕದಲ್ಲಿ ಪ್ಲಸ್ ಗುರುತು ತೋರಿಸೋದು. ಯಾರಾದ್ರೂ ಒತ್ತಿದಾಗ ಆ ಗ್ರಾಮದ ಸರ್ವೆ ನಂಬರ್ ತರೋದು. ವಿಂಡೋಸ್ ಫಾರ್ಮ್ಸ್‌ನಲ್ಲಿ ಬಿಫೋರ್‌ಎಕ್ಸ್‌ಪ್ಯಾಂಡ್ ಅನ್ನೋ ಘಟನೆ ಇದಕ್ಕೇ ಇರೋದು. ಕ್ಯೂಟಿಯಲ್ಲಿ ‘ಇನ್ನೂ ಇದೆಯಾ’ ಅಂತ ಕೇಳೋಕೆ ಕ್ಯಾನ್‌ಫೆಚ್‌ಮೋರ್, ‘ಹಾಗಾದ್ರೆ ತಾ’ ಅನ್ನೋಕೆ ಫೆಚ್‌ಮೋರ್.

ಕೇಳೋಕೆ ಸುಲಭ. ಇಲ್ಲಿ ನಾಲ್ಕೈದು ಗುಂಡಿ ಇವೆ, ಬೀಳದೆ ದಾಟಿದವರು ಕಡಿಮೆ.

ಪ್ಲಸ್ ಗುರುತು ಹಾಕಬೇಕೋ ಬೇಡವೋ ಅಂತ ಗೊತ್ತಾಗೋದು ಹೇಗೆ? ಒಳಗೆ ಮಕ್ಕಳಿದ್ದಾವಾ ಅಂತ ಪ್ರತಿ ಗೆಣ್ಣಿಗೂ ಕೇಳೋಕೆ ಹೋದ್ರೆ ಜವಾನನ ಓಡಾಟ ಹಿಂಬಾಗಿಲಿಂದ ವಾಪಸ್ ಬಂತು. ಪಟ್ಟಿ ತರೋ ಕ್ವೆರಿಯಲ್ಲೇ ‘ಮಕ್ಕಳಿವೆಯಾ, ಇಲ್ಲವಾ’ ಅನ್ನೋ ಒಂದು ಕಾಲಂ ಸೇರಿಸಿ ತರಬೇಕು. ಎಷ್ಟಿವೆ ಅಂತ ಎಣಿಸೋದೂ ಬೇಡ, ಇದೆ ಅಥವಾ ಇಲ್ಲ ಅನ್ನೋದು ಸಾಕು.

‘ಎಲ್ಲಾ ತೆರೆ’ ಅನ್ನೋ ಗುಂಡಿ ಇಟ್ಟಿದ್ರೆ ತೆಗೆದುಬಿಡಿ. ಯಾರೋ ಒಬ್ಬರು ಒಂದು ದಿನ ಅದನ್ನ ಒತ್ತೇ ಒತ್ತುತ್ತಾರೆ.

ಹುಡುಕಾಟ. ಇದು ಬಹಳ ಜನಕ್ಕೆ ಹೊಳೆಯೋದೇ ಇಲ್ಲ. ಎಲ್ಲವನ್ನೂ ಮೊದಲೇ ತಂದಿದ್ದಾಗ ವಿಜೆಟ್‌ನೊಳಗೇ ಹುಡುಕ್ತಿದ್ವಿ. ಈಗ ತಂದಿರೋದು ಒಂದು ಕೊಂಬೆ. ವಿಜೆಟ್‌ನಲ್ಲಿ ಹುಡುಕಿದರೆ ಆ ಕೊಂಬೆಯಲ್ಲಿ ಮಾತ್ರ ಹುಡುಕಿ ‘ಸಿಗಲಿಲ್ಲ’ ಅನ್ನುತ್ತೆ. ಕೌಂಟರ್‌ನಲ್ಲಿ ನಿಂತಿರೋ ರೈತನಿಗೆ ‘ನಿಮ್ಮ ಹೆಸರಲ್ಲಿ ಜಮೀನೇ ಇಲ್ವಲ್ಲ’ ಅಂತ ಹೇಳಿದ ಹಾಗಾಯ್ತು. ನಿಧಾನ ಆದ್ರೆ ಕಾಯಬಹುದು, ತಪ್ಪು ಉತ್ತರಕ್ಕೆ ಏನು ಮಾಡೋದು? ಹುಡುಕಾಟ ಡೇಟಾಬೇಸ್‌ನಲ್ಲೇ ಆಗಬೇಕು, ಸಿಕ್ಕ ಸಾಲಿನ ದಾರಿಯಷ್ಟೇ ಮರದಲ್ಲಿ ಬಿಚ್ಚಿಕೊಳ್ಳಬೇಕು. ಹೆಸರಿಂದ ಹುಡುಕೋದಾದ್ರೆ ತಂದೆ ಹೆಸರೂ ಕೇಳಿ. ತಿಪ್ಪೇಸ್ವಾಮಿ ಅಂತ ಮಾತ್ರ ಕೇಳಿದ್ರೆ ಏನಾಗುತ್ತೆ ಅಂತ ದುರ್ಗದವರಿಗೆ ನಾನು ಹೇಳಬೇಕಾಗಿಲ್ಲ.

ಇನ್ನು ಉಳಿಸಿದ ಮೇಲೆ ಮತ್ತೆ ತೋರಿಸೋದು. ಈ ಒಂದು ವಿಷಯದ ಮೇಲೆ ನನಗೆ ಸಿಟ್ಟೇ ಇದೆ. ಗುಮಾಸ್ತರು ಹೋಬಳಿ ತೆರೆದು, ಗ್ರಾಮ ತೆರೆದು, ಸರ್ವೆ ನಂಬರ್ ಹತ್ತಿರ ಸ್ಕ್ರಾಲ್ ಮಾಡಿ, ಹಿಸ್ಸಾ ಒತ್ತಿ, ಒಂದು ಮೊಬೈಲ್ ನಂಬರ್ ತಿದ್ದಿ ಸೇವ್ ಒತ್ತುತ್ತಾರೆ. ಪ್ರೋಗ್ರಾಂ ಇಡೀ ಮರ ಅಳಿಸಿ ಹೊಸದಾಗಿ ಕಟ್ಟುತ್ತೆ. ಎಲ್ಲಾ ಕೊಂಬೆ ಮುಚ್ಚಿಕೊಂಡು ಮತ್ತೆ ಮೇಲಿಂದ ಶುರು. ಸಾಲಲ್ಲಿರೋ ಮುಂದಿನ ರೈತನೂ ಅದೇ ಊರಿನವನು, ಪಕ್ಕದ ಹಿಸ್ಸಾದವನು, ಆದ್ರೂ ಮೊದಲಿಂದ. ದಿನಕ್ಕೆ ನೂರು ಸಲ. ಸೆಕೆಂಡ್ ಲೆಕ್ಕದಲ್ಲಿ ಇದು ದೊಡ್ಡದಲ್ಲ, ಆದ್ರೆ ಕೂತು ಕೆಲಸ ಮಾಡೋರ ಮಣಿಕಟ್ಟಿಗೆ, ತಾಳ್ಮೆಗೆ ಗೊತ್ತು. ಬದಲಾದ ಒಂದು ಗೆಣ್ಣನ್ನ ಮಾತ್ರ ಹೊಸದು ಮಾಡಿ. ಯಾವ ಕೊಂಬೆ ತೆರೆದಿತ್ತು ಅನ್ನೋದನ್ನ ಸಾಲಿನ ಸ್ಥಾನದಿಂದ ನೆನಪಿಡಬೇಡಿ, ದಾಖಲೆಯ ಗುರುತಿನ ಸಂಖ್ಯೆಯಿಂದ ನೆನಪಿಡಿ. ಮಧ್ಯೆ ಒಂದು ಹಿಸ್ಸಾ ಸೇರಿದರೆ ಹತ್ತನೇ ಸಾಲು ಹನ್ನೊಂದಾಗಿರುತ್ತೆ.

ಕೊನೇ ಗುಂಡಿ ಸ್ವಲ್ಪ ಆಳ. ಒಮ್ಮೆ ತಂದ ಕೊಂಬೆಯನ್ನ ಹಾಗೇ ಇಟ್ಟುಕೊಂಡರೆ ಮತ್ತೆ ತೆರೆದಾಗ ಬೇಗ. ಎಲ್ಲರೂ ಹಾಗೇ ಮಾಡ್ತಾರೆ, ಫೋಲ್ಡರ್ ಪಟ್ಟಿಗೆ ಅದು ಸರಿ. ಇಲ್ಲಿ ಇರೋದು ಸಾಲದ ಬಾಬ್ತು. ಬೆಳಗ್ಗೆ ಹತ್ತಕ್ಕೆ ಈ ಕೌಂಟರ್‌ನಲ್ಲಿ ಕೊಂಬೆ ತೆರೆದಿದ್ರು. ಹನ್ನೊಂದಕ್ಕೆ ಪಕ್ಕದ ಕೌಂಟರ್‌ನಲ್ಲಿ ಒಬ್ಬರು ಸಾಲ ತೀರಿಸಿದ್ರು. ಮಧ್ಯಾಹ್ನ ಈ ಕೌಂಟರ್‌ನ ಪರದೆ ಇನ್ನೂ ಬಾಕಿ ತೋರಿಸ್ತಾ ಇರುತ್ತೆ. ಬಡ್ಡಿ ಇಲ್ಲದ ಬೆಳೆ ಸಾಲದಲ್ಲಿ ಗಡುವಿನೊಳಗೆ ಕಟ್ಟಿದ್ರೆ ಮಾತ್ರ ಬಡ್ಡಿ ಮಾಫಿ. ‘ನೀವು ಕಟ್ಟಿಲ್ಲ’ ಅಂತ ಪರದೆ ಹೇಳಿದ್ರೆ ಆ ಮನುಷ್ಯನಿಗೆ ಎದೆ ಒಡೆಯುತ್ತೆ. ಅದಕ್ಕೆ ನನ್ನ ಅಭಿಪ್ರಾಯ ಹೀಗೆ: ಗ್ರಾಮದ ಹೆಸರು, ಸರ್ವೆ ನಂಬರ್ ಅಪರೂಪಕ್ಕೆ ಬದಲಾಗೋದು, ಅವನ್ನ ನೆನಪಲ್ಲಿಟ್ಟುಕೊಳ್ಳಿ. ಹಣದ ಸಾಲನ್ನ ಪ್ರತಿ ಸಲ ಡೇಟಾಬೇಸ್ ಕೇಳಿಯೇ ತೋರಿಸಿ. ಒಂದು ಖಾತೆಯ ಒಂದು ಸಾಲು ತರೋಕೆ ಎಷ್ಟು ಹೊತ್ತು ಹಿಡಿದೀತು?

ಹುಡುಗ ಥ್ರೆಡ್ ಬಗ್ಗೆಯೂ ಕೇಳಿದ್ದ, ತರೋ ಕೆಲಸವನ್ನ ಹಿನ್ನೆಲೆಗೆ ಹಾಕಿದ್ರೆ ಆಗಲ್ವಾ ಸರ್ ಅಂತ. ಹಾಕಲಿ, ಕಿಟಕಿ ಬೆಳ್ಳಗಾಗೋದು ತಪ್ಪುತ್ತೆ, ರದ್ದು ಮಾಡೋ ಗುಂಡಿ ಕೊಡಬಹುದು. ಆದ್ರೆ ಕೆಲಸ ಒಂದು ಗುಲಗಂಜಿಯಷ್ಟೂ ಕಮ್ಮಿ ಆಗಲ್ಲ. ಜೊತೆಗೆ ವಿಜೆಟ್ ಅನ್ನ ಮುಖ್ಯ ಥ್ರೆಡ್ ಬಿಟ್ಟು ಬೇರೆ ಕಡೆಯಿಂದ ಮುಟ್ಟಿದ್ರೆ ಪ್ರೋಗ್ರಾಂ ಯಾವಾಗ ಬೀಳುತ್ತೋ ಹೇಳೋಕಾಗಲ್ಲ. ಮೊದಲು ಕೆಲಸ ಕಡಿಮೆ ಮಾಡು, ಆಮೇಲೆ ಥ್ರೆಡ್ ಅಂದೆ.

ಇಷ್ಟೆಲ್ಲಾ ಆದ್ಮೇಲೆ ಒಂದು ಪ್ರಶ್ನೆ ಕೇಳಿದೆ. ಸಂಘಕ್ಕೆ ಬರೋ ರೈತ ಏನು ಹಿಡ್ಕೊಂಡು ಬರ್ತಾರೆ? ಪ್ಲಾಸ್ಟಿಕ್ ಕವರ್‌ನಲ್ಲಿ ಹಳೇ ಪಹಣಿ. ಸರ್ವೆ ನಂಬರ್ ಬಾಯಲ್ಲೇ ಇರುತ್ತೆ, ಕೆಲವರಿಗೆ ತಾತನ ಕಾಲದ ನಂಬರೂ ಗೊತ್ತು. ಗುಮಾಸ್ತರು ಆ ನಂಬರ್ ಕೇಳಿ ಅದನ್ನ ಮರದಲ್ಲಿ ನಾಲ್ಕು ಹಂತ ಇಳಿದು ಹುಡುಕ್ತಾರೆ. ಯಾಕೆ? ಬರೆಯೋಕೆ ಒಂದು ಡಬ್ಬಿ ಇದ್ದಿದ್ರೆ ಸಾಕಿತ್ತಲ್ಲ? ಗ್ರಾಮ ಆರಿಸು, 45/2 ಅಂತ ಟೈಪ್ ಮಾಡು, ಎಂಟರ್. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಮರ ಬೇಕು ಅಂದಿದ್ದು ಕಮಿಟಿಯವರು ಸರ್, ತೋರಿಸೋವಾಗ ಚೆನ್ನಾಗಿ ಕಾಣುತ್ತೆ ಅಂತ, ಅಂದ.

ನಾನು ಮರದ ವಿರೋಧಿ ಅಲ್ಲ. ‘ಈ ಸರ್ವೆ ನಂಬರ್ ಒಳಗೆ ಯಾರ್ಯಾರಿಗೆ ಪಾಲಿದೆ’ ಅಂತ ನೋಡೋಕೆ ಅದಕ್ಕಿಂತ ಒಳ್ಳೇ ಚಿತ್ರ ಇಲ್ಲ. ವ್ಯಾಜ್ಯ ಬಂದಾಗ, ಪೋಡಿ ಆದಾಗ ಅದು ಬೇಕು. ನಂಬರ್ ಗೊತ್ತಿರೋನಿಗೆ ಮಾತ್ರ ಬೇಡ. ಭೂಮಿ ಕೇಂದ್ರಗಳು ಶುರುವಾದಾಗ ಒಂದು ವ್ಯವಸ್ಥೆ ಇತ್ತು, ಎರಡನೇ ಪರದೆಯನ್ನ ರೈತನ ಕಡೆ ತಿರುಗಿಸಿ ಇಡೋರು, ಒಳಗೆ ಏನು ನಡೀತಿದೆ ಅಂತ ಅವನಿಗೂ ಕಾಣಲಿ ಅಂತ. ಪ್ರತಿ ಪಹಣಿಗೆ 15 ರೂಪಾಯಿ ಇದ್ದ ಕಾಲ. ಆ ಯೋಚನೆ ನನಗೆ ಇವತ್ತಿಗೂ ಇಷ್ಟ. ಎರಡನೇ ಪರದೆ ಹಾಕೋದಾದ್ರೆ ಅದರಲ್ಲಿ ಹೋಬಳಿಯ ಸಾವಿರಾರು ಸಾಲು ಬೇಡ, ಎದುರು ನಿಂತಿರೋರ ನಾಲ್ಕು ಸಾಲು ಸಾಕು. ಬೇರೆಯವರ ಸಾಲ ಅವರಿಗೆ ಕಾಣಿಸಬಾರದು ಅನ್ನೋದೂ ಒಂದಿದೆ.

ಈಗ ಆ ಪ್ರೋಗ್ರಾಂ ತೆರೆದರೆ ಬರೋದು ಗ್ರಾಮದ ಪಟ್ಟಿ, ಪಕ್ಕದಲ್ಲಿ ನಂಬರ್ ಬರೆಯೋ ಡಬ್ಬಿ. ನಂಬರ್ ಹೊಡೆದ ಮೇಲೆ ಆ ಒಂದು ಸರ್ವೆ ನಂಬರ್‌ನ ಮರ ಮಾತ್ರ ಎಡಗಡೆ ಬರುತ್ತೆ. ಹೊಸ ಕಂಪ್ಯೂಟರ್ ಖರೀದಿ ಮುಂದಕ್ಕೆ ಹೋಗಿದೆ. ಪ್ರಿಂಟ್ ಮಾತ್ರ ಇನ್ನೂ ನಿಧಾನ ಅಂತ ಗುಮಾಸ್ತರು ಬೈತಿದ್ದಾರಂತೆ. ಕನ್ನಡ ಫಾಂಟ್ ಮತ್ತು ಪ್ರಿಂಟರ್ ಡ್ರೈವರ್‌ಗಳ ಜಗಳ ಅದು, ಮುಂದಿನ ಕಂತಿನಲ್ಲಿ ಎತ್ಕೊಳ್ತೀನಿ. ನಿಮ್ಮ ಕಚೇರಿಯಲ್ಲೂ ಬೆಳ್ಳಗಾಗೋ ಕಿಟಕಿ ಇದ್ರೆ ಯಾವ ಟೂಲ್‌ಕಿಟ್, ಎಷ್ಟು ಸಾಲು ಅಂತ ಬರೆದು ಕಳಿಸಿ.